ಏಳನೇ ತಿಂಗಳ ಹುಣ್ಣಿಮೆಯ ಅನ್ನ

ಯಾರಾದರೂ ಹೊಸ ಪದವೊಂದನ್ನು ಹೇಳಿದರೆ ಸಾಕು, ಅವರು ಎಡಗೈ ಬಿಡಿಸಿ, ಬಲಗೈಯ ತೋರುಬೆರಳಿನಿಂದ ಅಂಗೈ ಮೇಲೆ ಅದನ್ನು ಬರೆದುಕೊಳ್ಳುತ್ತಿದ್ದರು. ಪೆನ್ನಿಲ್ಲ, ಶಾಯಿಯಿಲ್ಲ, ಗುರುತೂ ಉಳಿಯುತ್ತಿರಲಿಲ್ಲ. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರಗಳಿರುವುದರಿಂದ, ಯಾವ ಅಕ್ಷರ ಎಂದು ಹೀಗೆ ಬರೆದು ತೋರಿಸುವುದು ಅಲ್ಲಿ ವಾಡಿಕೆಯಂತೆ. ಆದರೆ ಅವರು ಜರ್ಮನ್ ಪದಗಳನ್ನೂ ಹಾಗೇ ಬರೆದುಕೊಳ್ಳುತ್ತಿದ್ದರು. ನನ್ನ ಹೆಂಡತಿ ಹೇಳಿದ ‘ಶೇಂಗಾ ಹೋಳಿಗಿ’ಯನ್ನೂ ಬರೆದುಕೊಂಡಿದ್ದರು. ಬರೆದಾದ ಮೇಲೆ ಕೈ ಮುಚ್ಚಿ ಒಂದು ಕ್ಷಣ ಹಾಗೇ ಹಿಡಿದಿರುತ್ತಿದ್ದರು.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಅವರಿಗೆ ಇನ್ನೊಮ್ಮೆ ಜನರ ಮುಂದೆ ನಿಲ್ಲಬೇಕಾದೀತು. ಒಮ್ಮೆ ನಿಲ್ಲಿಸಿದ್ದೇ ಸಾಕು.

ಜರ್ಮನಿಯ ಗಾರ್ಕಿಂಗ್ ಎಂಬ ಊರಿನಲ್ಲಿ ನಾವು ಬಾಡಿಗೆಗಿದ್ದದ್ದು ಮೂರನೇ ಮಹಡಿಯಲ್ಲಿ, ಅವರು ಎರಡನೆಯದರಲ್ಲಿ. ಅಲ್ಲಿನ ಸಂಶೋಧನಾ ಸಂಸ್ಥೆಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಗಾಜಿನ ಕೆಲಸ ಮಾಡಿ ನಿವೃತ್ತರಾದವರು. ವಿಜ್ಞಾನಿಗಳು ಚಿತ್ರ ಬರೆದುಕೊಟ್ಟರೆ ಬೆಂಕಿಯಲ್ಲಿ ಗಾಜು ಕಾಯಿಸಿ, ಊದಿ, ಬೇಕಾದ ನಳಿಗೆ, ಬುರುಡೆ ಮಾಡಿಕೊಡುವುದು. ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಎತ್ತಿಕೊಡುತ್ತಿದ್ದರು. ಗಂಡ ಇಲ್ಲಿ ಓದಲು ಬಂದವರು, ಅವರ ಹಿಂದೆ ಇವರು. ನಾವು ಪರಿಚಯವಾಗುವ ಹೊತ್ತಿಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಹ್ಯಾಂಬರ್ಗಿನಲ್ಲಿ ಕೆಲಸದಲ್ಲಿದ್ದಳು.

ಪರಿಚಯವಾದದ್ದು ಒಂದು ಪಾರ್ಸೆಲ್‌ನಿಂದ. ನಾವಿಬ್ಬರೂ ಆಫೀಸಿನಲ್ಲಿದ್ದಾಗ ಬಂದದ್ದನ್ನು ಅವರು ಇಸಿದುಕೊಂಡಿದ್ದರು.

“ಏನ್ರೀ, ಕೆಳಗಿನ ಆಂಟಿ ಮನ್ಯಾಗ ನಮ್ಮ ಪಾಕೆಟ್ ಅದಂತ, ತೊಗೊಂಡ ಬರ್ರಿ,” ಎಂದಳು ನನ್ನ ಹೆಂಡತಿ. ಮುಖ ನೋಡುವ ಮೊದಲೇ ಅವಳಿಗೆ ಅವರು ಆಂಟಿಯಾಗಿದ್ದರು. ಚೀನಾದಲ್ಲೂ ಪರಿಚಯದ ಹಿರಿಯ ಹೆಂಗಸರನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆಂದು ಆಮೇಲೆ ಅವರು ಸಂತೋಷಪಟ್ಟರು. ನನ್ನನ್ನು ಮಾತ್ರ ಕೊನೆಯವರೆಗೂ ‘ಹೆರ್ ನಾಖ್‌ಬಾರ್’ ಎಂದೇ ಕರೆದರು. ನೆರೆಮನೆಯವರೇ, ಎಂದು. ನಮ್ಮ ಮಾತೆಲ್ಲ ಜರ್ಮನ್‌ನಲ್ಲಿ, ನಾನು ತಡವರಿಸಿದಾಗ ಇಂಗ್ಲಿಷಿನಲ್ಲಿ.

ಬಾಗಿಲಲ್ಲಿ ನಿಂತಾಗ ಒಳಗೆ ಗೂಡಿನಲ್ಲಿ ಒಂದು ಬಿಳಿಯ ಪಿಂಗಾಣಿಯ ಮೂರ್ತಿ ಕಂಡಿತು. ಕೈಯಲ್ಲಿ ಸಣ್ಣ ಹೂಜಿ ಹಿಡಿದ ಹೆಂಗಸು. ಮಾತಿಗೆಂದು, ಯಾವ ದೇವಿ ಎಂದು ಕೇಳಿದೆ.

“ನಿಮ್ಮ ದೇಶದಿಂದ ನಡೆದುಕೊಂಡು ಬಂದವರು,” ಎಂದರು. “ಹೊರಟಾಗ ಗಂಡಸು. ನಮ್ಮಲ್ಲಿ ಬಂದು ನೆಲೆ ನಿಲ್ಲುವ ಹೊತ್ತಿಗೆ ಹೆಂಗಸಾಗಿದ್ದರು.”

ಅವಲೋಕಿತೇಶ್ವರ. ಚೀನೀ ಹೆಸರಿನ ಅರ್ಥ ಲೋಕದ ಕೂಗನ್ನು ಕೇಳಿಸಿಕೊಳ್ಳುವವರು ಎಂದಂತೆ. ಮಕ್ಕಳಿಲ್ಲದವರು, ಹೆರಿಗೆಯ ಹೊತ್ತಿನವರು, ದೋಣಿಗೆ ಹೋದ ಗಂಡನನ್ನು ಕಾಯುವವರು ಗೋಳು ಹೇಳಿಕೊಳ್ಳಬೇಕಾದರೆ ಗಂಡು ದೇವರ ಮುಂದೆ ಹೇಗೆ ಹೇಳಿಕೊಳ್ಳುತ್ತಾರೆ, ನೂರಾರು ವರ್ಷ ಹೆಂಗಸರು ಹೇಳಿಕೊಂಡೂ ಹೇಳಿಕೊಂಡೂ ದೇವರೇ ಬದಲಾದರು, ಎಂದು ಅವರ ವಿವರಣೆ. ಪಂಡಿತರು ಬೇರೆ ಹೇಳಬಹುದು ಎಂದೂ ಸೇರಿಸಿದರು. ಅವರು ಯಾವಾಗಲೂ ಹಾಗೆ ಸೇರಿಸುತ್ತಿದ್ದರು. ನಾನು ಆ ಮಾತನ್ನು ಮರುದಿನ ಕ್ಯಾಂಟೀನಿನಲ್ಲಿ ನನ್ನದೇ ತಿಳಿವಳಿಕೆ ಎಂಬಂತೆ ಹೇಳಿ ಮೆಚ್ಚುಗೆ ಗಳಿಸಿದೆ. ನನ್ನ ಸ್ವಭಾವ ಅಲ್ಲಿಂದಲೇ ತಿಳಿಯಬೇಕಿತ್ತು.

ಬುದ್ಧನ ದೇಶದವನು ಎಂದು ಅವರಿಗೆ ನನ್ನ ಮೇಲೆ ಗೌರವ. ಅದು ನನಗೆ ಹಿತವಾಗಿತ್ತು. ನಮ್ಮೂರು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯಲ್ಲಿ, ಸನ್ನತಿಯಿಂದ ಹತ್ತು ಹನ್ನೆರಡು ಕಿಲೋಮೀಟರು. ಸಣ್ಣವನಿದ್ದಾಗ ಚಂದ್ರಲಾಂಬೆಯ ಗುಡಿಗೆ ಹೋಗುತ್ತಿದ್ದೆವು. ಅಲ್ಲೇ ಆಚೆ ಹೊಲಗಳಲ್ಲಿ ದೊಡ್ಡ ಸ್ತೂಪವೊಂದರ ಕೆತ್ತನೆಯ ಕಲ್ಲುಗಳು ಬಿದ್ದಿದ್ದವು, ಅಗೆದು ನೋಡಿದವರು ಅಶೋಕನ ಹೆಸರಿರುವ ಚಿತ್ರವೇ ಸಿಕ್ಕಿತೆಂದರು. ನಾನು ಒಮ್ಮೆಯೂ ಆ ಕಡೆ ಹೋದವನಲ್ಲ. ಆಂಟಿಯ ಬಳಿ ಆ ಸ್ತೂಪದ ಫೋಟೋಗಳಿದ್ದವು, ಯಾವುದೋ ಪತ್ರಿಕೆಯಿಂದ ಕತ್ತರಿಸಿಟ್ಟವು. ನಮ್ಮೂರು ಅದರ ಹತ್ತಿರ ಎಂದಾಗ ಅವರು ಕುರ್ಚಿಯಿಂದ ಎದ್ದು ನಿಂತರು. “ಹಾಗಾದರೆ ನೀವು ಅದರ ನೆರಳಲ್ಲಿ ಬೆಳೆದವರು,” ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಊರ ಹೊರಗೆ ಅವರಿಗೆ ಒಂದು ಬಾಡಿಗೆ ತೋಟವಿತ್ತು, ಹತ್ತು ಹೆಜ್ಜೆ ಅಗಲದ್ದು. ಶನಿವಾರಗಳಲ್ಲಿ ನನ್ನ ಹೆಂಡತಿ ಅಲ್ಲಿಗೆ ಹೋಗಿ ಮೆಂತ್ಯ ಬಿತ್ತುತ್ತಿದ್ದಳು, ಅವರು ಎಲೆಕೋಸು. ಈರುಳ್ಳಿ ಬೆಳ್ಳುಳ್ಳಿ ಬೆಳೆಯುತ್ತಿರಲಿಲ್ಲ, ತಿನ್ನುತ್ತಲೂ ಇರಲಿಲ್ಲ. ಗುದ್ದಲಿ ಹಾಕುವ ಮೊದಲು ಬಗ್ಗಿ ನೆಲಕ್ಕೆ ಏನೋ ಹೇಳುತ್ತಿದ್ದರು.

“ಎರೆಹುಳಗಳಿಗೆ ಕ್ಷಮೆ ಕೇಳುತ್ತೇನೆ,” ಎಂದರು ಒಮ್ಮೆ. “ನಿಮ್ಮ ದೇಶದ ಭಿಕ್ಷುಗಳು ಮಣ್ಣು ಅಗೆಯುವ ಹಾಗೇ ಇರಲಿಲ್ಲ, ಹುಳ ಸಾಯುತ್ತವೆ ಅಂತ. ಬಟ್ಟಲು ಹಿಡಿದು ಮನೆ ಮುಂದೆ ನಿಂತರೆ ಜನ ಕೈಮುಗಿದು ನೀಡುತ್ತಿದ್ದರು. ನಮ್ಮಲ್ಲಿ ಗಟ್ಟಿಮುಟ್ಟಾದ ಗಂಡಸು ಬಟ್ಟಲು ಹಿಡಿದು ನಿಂತರೆ ಜನ ನಾಯಿ ಬಿಡುತ್ತಿದ್ದರು. ಹಾಗಾಗಿ ಬೆಟ್ಟದ ಮಠಗಳ ಭಿಕ್ಷುಗಳು ಗುದ್ದಲಿ ಹಿಡಿದರು. ಆ ದಿನ ದುಡಿಯದವನಿಗೆ ಆ ದಿನ ಊಟವಿಲ್ಲ ಅಂತ ನಿಯಮ ಮಾಡಿಕೊಂಡರು. ಬುದ್ಧ ನೋಡಿದ್ದರೆ ಏನನ್ನುತ್ತಿದ್ದನೋ.”

“ಸಿಟ್ಟಾಗುತ್ತಿದ್ದನೇ?” ಎಂದು ಕೇಳಿದೆ.

“ಮೊದಲು ಊಟಕ್ಕೆ ಏನಿದೆ ಅಂತ ಕೇಳುತ್ತಿದ್ದ.”

ಮೊದಲ ಅನುವಾದಕರ ಕತೆ ಅವರಿಗೆ ಬಹಳ ಪ್ರಿಯ. ಹೊರದೇಶದ ಭಿಕ್ಷು ಬಾಯಿಪಾಠ ಹೇಳುತ್ತಾನೆ. ಅವನಿಗೆ ಚೀನೀ ಅಷ್ಟಕ್ಕಷ್ಟೆ. ಒಬ್ಬ ಅದನ್ನು ಆಡುಮಾತಿನಲ್ಲಿ ಹೇಳುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ, ಮತ್ತೊಬ್ಬ ತಿದ್ದುತ್ತಾನೆ. ಬರೆಯುವವನಿಗೆ ಸಂಸ್ಕೃತದ ಗಂಧವಿಲ್ಲ. ನಿರ್ವಾಣಕ್ಕೆ ಪದವಿಲ್ಲವೆಂದು ತಮ್ಮ ಹಳೆಯ ಬೆಟ್ಟದ ಜ್ಞಾನಿಗಳ ‘ಏನೂ ಮಾಡದಿರುವಿಕೆ’ ಎಂಬ ಪದವನ್ನೇ ಇಟ್ಟರು. ಬೋಧಿಗೆ ‘ದಾರಿ’ ಎಂದರು. ಎಷ್ಟೋ ಕಾಲದ ಮೇಲೆ ಇದು ಹೊಂದುವುದಿಲ್ಲ ಎಂದು ಬೇರೆ ಪದ ಹುಡುಕಿದರು. ಆ ಹೊತ್ತಿಗೆ ಹಳೆಯ ಪದದೊಳಗಿನ ಅರ್ಥ ಬುದ್ಧನೊಳಗೂ ಇಳಿದಿತ್ತು.

ನನ್ನ ಹೆಂಡತಿ, “ಆಂಟಿ, ನಾನೂ ಆಫೀಸ್‌ನ್ಯಾಗ ಜ್ವಾಳದ ರೊಟ್ಟಿಗೆ ಫ್ಲಾಡನ್‌ಬ್ರೋಟ್ ಅಂತೀನ್ರಿ,” ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಜರ್ಮನ್‌ನಲ್ಲಿ ಹೇಳಿದಳು. ಫ್ಲಾಡನ್‌ಬ್ರೋಟ್ ಎಂದರೆ ಇಲ್ಲಿಯ ದಪ್ಪನೆಯ ಚಪ್ಪಟೆ ಬ್ರೆಡ್ಡು. ಅವರು ಬಹಳ ಹೊತ್ತು ನಕ್ಕರು.

“ಹೇಳುವವನಿಗೆ ಗೊತ್ತಿಲ್ಲದಿದ್ದಾಗ ಏನು ಮಾಡುತ್ತಿದ್ದ?” ಎಂದು ನಾನು ಕೇಳಿದ್ದೆ.

“ಒಳ್ಳೆಯವನಾದರೆ ಗೊತ್ತಿಲ್ಲ ಅನ್ನುತ್ತಿದ್ದ,” ಎಂದರು. “ಬರೆಯುವವನು ಆ ಜಾಗ ಖಾಲಿ ಬಿಡುತ್ತಿದ್ದ.”

ಅವರಿಗೆ ಈ ವಿಷಯದ ಹುಚ್ಚು ಹಿಡಿದದ್ದು ನಿವೃತ್ತಿಯ ಮೇಲೆ, ಅದೂ ತಾಯಿಯ ಕಾರಣಕ್ಕೆ. ಅದನ್ನು ಅವರು ಹೇಳಿದ್ದು ಒಂದು ಆಗಸ್ಟ್ ಭಾನುವಾರ, ತಮ್ಮ ಅಡುಗೆಮನೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು. ಅವತ್ತು ಅವರ ಪಂಚಾಂಗದ ಏಳನೇ ತಿಂಗಳ ಹುಣ್ಣಿಮೆ.

ಬುದ್ಧನ ಧರ್ಮ ಚೀನಾಕ್ಕೆ ಬಂದಾಗ ಜನ ಎತ್ತಿದ ದೊಡ್ಡ ಆಕ್ಷೇಪ ಒಂದೇ: ತಲೆ ಬೋಳಿಸಿಕೊಂಡು, ಮದುವೆ ಬಿಟ್ಟು, ಹೆತ್ತವರನ್ನು ಬಿಟ್ಟು ಹೊರಟವನು ಎಂಥ ಮಗ? ಹೆತ್ತವರಿಗೆ ಅನ್ನ ಹಾಕದವನು ಯಾವ ಧರ್ಮ ಹೇಳುತ್ತಾನೆ? ಅದಕ್ಕೆ ಉತ್ತರವಾಗಿ ಒಂದು ಕತೆ ಮನೆಮನೆಗೆ ಹಬ್ಬಿತು. ಬುದ್ಧನ ಶಿಷ್ಯನೊಬ್ಬ ತನ್ನ ದಿವ್ಯದೃಷ್ಟಿಯಿಂದ ನೋಡುತ್ತಾನೆ, ಸತ್ತ ತಾಯಿ ಹಸಿದ ಪ್ರೇತಗಳ ಲೋಕದಲ್ಲಿದ್ದಾಳೆ. ಬಟ್ಟಲಲ್ಲಿ ಅನ್ನ ಒಯ್ದುಕೊಡುತ್ತಾನೆ. ತುತ್ತು ಬಾಯಿಗೆ ಹೋಗುವ ಮೊದಲೇ ಕೆಂಡವಾಗುತ್ತದೆ. ಅಳುತ್ತ ಬುದ್ಧನ ಹತ್ತಿರ ಹೋಗುತ್ತಾನೆ. ನಿನ್ನೊಬ್ಬನಿಂದ ಆಗುವುದಿಲ್ಲ, ಏಳನೇ ತಿಂಗಳ ಹುಣ್ಣಿಮೆಗೆ ಎಲ್ಲ ಭಿಕ್ಷುಗಳಿಗೂ ಊಟ ನೀಡು, ಅವರೆಲ್ಲರ ಪುಣ್ಯದಿಂದ ತಾಯಿ ಬಿಡುಗಡೆಯಾಗುತ್ತಾಳೆ, ಎನ್ನುತ್ತಾನೆ ಬುದ್ಧ. ಮನೆ ಬಿಟ್ಟ ಮಗನೇ ತಾಯಿಯನ್ನು ಉಳಿಸಿದ. ಅಲ್ಲಿಂದ ಚೀನಾದ ಪ್ರತಿ ಮನೆಯಲ್ಲೂ ಅವತ್ತು ಸತ್ತವರಿಗೆ ಅನ್ನ.

“ನನ್ನ ಅಮ್ಮನೂ ಇಡುತ್ತಿದ್ದಳು,” ಎಂದರು. “ನಾನು ಹುಡುಗಿಯಾಗಿದ್ದಾಗ ಅದನ್ನೆಲ್ಲ ಮಾಡುವಂತಿರಲಿಲ್ಲ. ಮೂಢನಂಬಿಕೆ ಅಂತ ಶಿಕ್ಷೆ. ಅಮ್ಮ ಒಂದು ಬಟ್ಟಲು ಅನ್ನ ಕಿಟಕಿಯಲ್ಲಿಟ್ಟು ನಿಲ್ಲುತ್ತಿದ್ದಳು. ಯಾರಾದರೂ ಕೇಳಿದರೆ, ಬಿಸಿಯಿದೆ, ತಣ್ಣಗಾಗಲಿ ಅಂತ ಇಟ್ಟಿದ್ದೇನೆ ಅನ್ನುತ್ತಿದ್ದಳು.”

ತಾಯಿ ಸತ್ತಾಗ ಇವರು ಇಲ್ಲಿದ್ದರು, ಹೋಗಲಾಗಿರಲಿಲ್ಲ. ಅಂದಿನಿಂದ ಪ್ರತಿ ವರ್ಷ ಇಟ್ಟುಕೊಂಡು ಬಂದವರು. ಇತ್ತೀಚೆಗೆ ಅವರ ಅಣ್ಣ, ನಿವೃತ್ತ ಶಾಲಾ ಮಾಸ್ತರು, ಫೋನಿನಲ್ಲಿ ಹೇಳಿದ್ದನಂತೆ: ಆ ಸೂತ್ರ ಭಾರತದಿಂದ ಬಂದದ್ದೇ ಅಲ್ಲ, ನಮ್ಮವರೇ ಜನರ ಬಾಯಿ ಮುಚ್ಚಿಸಲು ಕಟ್ಟಿದ್ದು, ಅಮ್ಮ ಜೀವಮಾನವಿಡೀ ಒಂದು ಕಟ್ಟುಕತೆಗೆ ಹೆದರಿಕೊಂಡು ಅನ್ನ ಇಟ್ಟಳು, ಎಂದು.

“ಹಬ್ಬದ ಹೆಸರು ಯೂಲಾನ್‌ಪೆನ್. ಆ ಅಕ್ಷರಗಳನ್ನು ಜೋಡಿಸಿದರೆ ಚೀನೀಯಲ್ಲಿ ಅರ್ಥವೇ ಬರುವುದಿಲ್ಲ,” ಎಂದು ಅಂಗೈ ಮೇಲೆ ಬರೆದು ತೋರಿಸಿದರು. “ಬರೀ ಸದ್ದು. ಹೊರಗಿನ ಪದದ ಸದ್ದು. ಉಲ್ಲಂಬನ ಅಂತ ಪುಸ್ತಕದಲ್ಲಿ ಹೇಳುತ್ತಾರೆ. ಹೆರ್ ನಾಖ್‌ಬಾರ್, ನಿಮ್ಮಲ್ಲಿ ಸತ್ತ ತಾಯಿಗೆ ಅನ್ನ ಇಡುತ್ತಾರೆಯೇ?”

“ಇಡುತ್ತಾರೆ,” ಎಂದೆ. ಇದು ನಿಜ.

“ಏಳನೇ ತಿಂಗಳಲ್ಲಿ? ಹುಣ್ಣಿಮೆಗೆ?”

ನಾವು ಇಡುವುದು ಮಹಾಲಯ ಅಮಾವಾಸ್ಯೆಗೆ. ಅದಿನ್ನೂ ಬಹಳ ದಿನವಿತ್ತು. ನನ್ನ ಹೆಂಡತಿ ಆಗ ಎದ್ದು ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿಯ ಸದ್ದಿನಲ್ಲಿ ಅವಳಿಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ನಾನು, “ಹೌದು,” ಎಂದೆ.

“ಆ ಹೆಸರೇನಾದರೂ ಇದೆಯೇ?”

“ಇದೆ. ನಮ್ಮೂರಲ್ಲಿ ಉಲ್ಲಂಬನ ಅಂತಲೇ ಕರೆಯುತ್ತಾರೆ. ನಮ್ಮಜ್ಜಿ ಮಾಡುತ್ತಿದ್ದಳು. ಹೊಳೆಯ ಮೆಟ್ಟಿಲ ಮೇಲೆ ಅನ್ನ ಇಟ್ಟು, ಒಬ್ಬ ಸನ್ಯಾಸಿ ಮತ್ತು ಅವನ ತಾಯಿಯ ಕತೆ ಹೇಳುತ್ತಿದ್ದಳು.”

ಯಾಕೆ ಹೇಳಿದೆ ಎಂದು ಅಂದಿನಿಂದ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಕಣ್ಣುಗಳಲ್ಲಿ ಇದ್ದ ಆಸೆಯನ್ನು ಕಂಡು ಕರುಣೆಯಿಂದ ಹೇಳಿದೆ ಎಂದುಕೊಂಡರೆ ಹಗುರವಾಗುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಸ್ತೂಪದ ನೆರಳಲ್ಲಿ ಬೆಳೆದವನಿಗೆ ಏನೂ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅಷ್ಟೆ. ಇದ್ದದ್ದನ್ನು ಇದ್ದ ಹಾಗೆ, ಹಿರಿಯರಿಗೆ ನಾವೂ ಎಡೆ ಇಡುತ್ತೇವೆ, ಹೆಸರು ಬೇರೆ, ದಿನ ಬೇರೆ, ಎಂದಿದ್ದರೂ ಅವರಿಗೆ ಸಾಕಾಗುತ್ತಿತ್ತು.

ಈ ಸಲ ಅವರು ಅಂಗೈ ಮೇಲೆ ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ಒಂದು ನೋಟ್‌ಬುಕ್ ತಂದರು, ಪೆನ್ನಿನಲ್ಲಿ ಬರೆದುಕೊಂಡರು. ಕಿಟಕಿಯಲ್ಲಿಟ್ಟಿದ್ದ ಬಟ್ಟಲನ್ನು ಸ್ವಲ್ಪ ಸರಿಸಿ ನೇರ ಮಾಡಿದರು.

ಆಮೇಲೆ ಎರಡು ತಿಂಗಳಲ್ಲಿ ಅವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಒಂದೊಂದು ಪ್ರಶ್ನೆ ಕೇಳಿದರು. ಎಷ್ಟು ಬಟ್ಟಲು? ಹೆಂಗಸರೇ ಇಡುತ್ತಾರೋ ಗಂಡಸರೋ? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಏಳು ಬಟ್ಟಲು ಎಂದೆ. ಹೆಂಗಸರು ಎಂದೆ. ಯಾವ ಹುಣ್ಣಿಮೆ ಎಂದಾಗ ಶ್ರಾವಣದ್ದು ಎಂದೆ. ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ನನಗೇ ಬೆರಗಾಗಿತ್ತು.

ಊರಿನ ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿಗಳಲ್ಲಿ, ಹೊಲಿಗೆ, ಸ್ಪ್ಯಾನಿಷ್, ಬೆನ್ನುನೋವಿನ ವ್ಯಾಯಾಮಗಳ ನಡುವೆ, ಆ ಚಳಿಗಾಲ ಅವರದೂ ಒಂದು ಸೇರಿತ್ತು. ಬುದ್ಧ ಚೀನೀಯನಾದದ್ದು ಹೇಗೆ, ನಾಲ್ಕು ಸಂಜೆ. ಹೇಳಿಕೊಟ್ಟವರಿಲ್ಲದೆ ಓದಿ ಕಲಿತವರು. ಒಂದೊಂದು ಸಂಜೆಗೂ ವಾರಗಟ್ಟಲೆ ತಯಾರಿ. ಎರಡನೆಯ ಸಂಜೆ ತಾಯಿಯ ಅನ್ನದ ವಿಷಯ. ನಾನು ಮುಂದಿನ ಸಾಲಿನಲ್ಲಿ ಕೂರಲೇಬೇಕೆಂದು ಹೇಳಿದ್ದರು. ಹೆಂಡತಿಗೆ ಅವತ್ತು ಆಫೀಸ್ ಕೆಲಸ ಮುಗಿಯಲಿಲ್ಲ. ಮೂವತ್ತು ನಲವತ್ತು ಜನರಿದ್ದರು, ಹೆಚ್ಚಿನವರು ನಿವೃತ್ತರು.

ಅವರು ಚೆನ್ನಾಗಿ ಮಾತಾಡಿದರು. ತಾಯಿ ಕಿಟಕಿಯಲ್ಲಿ ನಿಂತಿದ್ದನ್ನೂ ಹೇಳಿದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, “ಈ ಸೂತ್ರ ಚೀನಾದಲ್ಲಿ ಹುಟ್ಟಿದ್ದು ಎಂದು ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ನನ್ನ ನೆರೆಯವರ ಹಳ್ಳಿಯಲ್ಲಿ, ಒಂದು ಹಳೆಯ ಸ್ತೂಪದ ಪಕ್ಕದಲ್ಲಿ, ಇವತ್ತಿಗೂ ಅದೇ ಹೆಸರಿನಲ್ಲಿ, ಅದೇ ಹುಣ್ಣಿಮೆಗೆ ತಾಯಂದಿರಿಗೆ ಅನ್ನ ಇಡುತ್ತಾರೆ,” ಎಂದರು. ನಮ್ಮೂರಿನ ಹೆಸರನ್ನೂ ಹೇಳಿದರು. ಅದನ್ನು ಸರಿಯಾಗಿ ಹೇಳಲು ನನ್ನ ಹೆಂಡತಿಯ ಹತ್ತಿರ ಅಭ್ಯಾಸ ಮಾಡಿಕೊಂಡಿದ್ದರು. ಅದೇಕೆಂದು ಅವಳಿಗೆ ತಿಳಿದಿರಲಿಲ್ಲ.

ಹಿಂದಿನ ಸಾಲಿನಿಂದ ವಯಸ್ಸಾದ ಜರ್ಮನ್ ಹೆಂಗಸೊಬ್ಬರು ಕೈಯೆತ್ತಿದರು. ಬಹಳ ಮರ್ಯಾದೆಯ ದನಿ. ತಾನು ಹಿಂದೆ ಸಂಸ್ಕೃತ ಕಲಿಸುತ್ತಿದ್ದೆ, ಆ ಸ್ತೂಪವನ್ನು ನೋಡಲು ಹೋಗಿ ಭೀಮಾ ದಂಡೆಯ ಹಳ್ಳಿಗಳಲ್ಲಿ ಮೂರು ತಿಂಗಳು ಇದ್ದೆ, ಈ ಆಚರಣೆ ಕಾಣಲೇ ಇಲ್ಲ, ನಿಜವಾಗಿಯೂ ಇದ್ದರೆ ಅದು ದೊಡ್ಡ ಸಂಗತಿ, ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಶ್ರಾವಣದ ಹುಣ್ಣಿಮೆ ಅಲ್ಲಿ ನೂಲ ಹುಣ್ಣಿಮೆ ಅಲ್ಲವೇ?” ಎಂದರು. ‘ನೂಲ ಹುಣ್ಣಿಮೆ’ ಎಂಬುದನ್ನು ಕನ್ನಡದಲ್ಲೇ ಹೇಳಿದರು. “ಹಿರಿಯರ ದಿನ ಮಹಾಲಯ ಅಮಾವಾಸ್ಯೆ ಎಂದು ನನ್ನ ನೆನಪು. ನಾನು ತಪ್ಪಿದ್ದರೆ ತಿದ್ದಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಂಟಿಯೂ ನೋಡುತ್ತಿದ್ದರು, ಯಾವ ಅನುಮಾನವೂ ಇಲ್ಲದೆ. ನಾನು ತಿದ್ದುತ್ತೇನೆ ಎಂದೇ ಅವರು ಕಾಯುತ್ತಿದ್ದರು.

ನಾನು ಎದ್ದು ನಿಂತು, “ನೀವು ಹೇಳುವುದೇ ಸರಿ,” ಎಂದೆ. “ನಾನು ಹೇಳಿದ್ದೂ ಮಹಾಲಯವನ್ನೇ. ಉಲ್ಲಂಬನ ಎಂಬ ಹೆಸರು ನಮ್ಮಲ್ಲಿಲ್ಲ. ಎಲ್ಲೋ ಮಿಸ್‌ಫರ್‌ಸ್ಟೆಂಡ್‌ನಿಸ್ ಆಗಿರಬೇಕು. ಮೇಡಮ್ ತಪ್ಪು ಕೇಳಿಸಿಕೊಂಡಿರಬೇಕು.”

ತಪ್ಪು ತಿಳಿವಳಿಕೆ ಎನ್ನುವುದಕ್ಕೆ ಜರ್ಮನ್‌ನಲ್ಲಿ ಅಷ್ಟುದ್ದದ ಪದ. ಅದನ್ನು ನಾನು ತಡವರಿಸದೆ ಹೇಳಿದೆ.

ಆಂಟಿ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಸಭೆಯ ಕಡೆ ತಿರುಗಿ ತಲೆ ಬಾಗಿಸಿದರು.

“ಹೌದು. ನಾನೇ ಸರಿಯಾಗಿ ಕೇಳಿಸಿಕೊಂಡಿಲ್ಲ. ಕ್ಷಮಿಸಿ.”

ಯಾರೋ ಪರವಾಗಿಲ್ಲ ಎಂದರು. ಹಿಂದೆ ಇಬ್ಬರು ಏನೋ ಪಿಸುಗುಟ್ಟಿದರು. ಅಲ್ಲಿಗೆ ಸಂಜೆ ಮುಗಿಯಿತು.

ಮನೆಯವರೆಗೆ ಜೊತೆಗೇ ನಡೆದೆವು, ಬೇರೆ ದಾರಿಯಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ತಿರುವಿನಲ್ಲಿ ಅವರು ಕೇಳಿದರು:

“ಹೆರ್ ನಾಖ್‌ಬಾರ್, ನಿಮ್ಮ ಊರಿನ ಹೆಸರನ್ನಾದರೂ ಸರಿಯಾಗಿ ಹೇಳಿದೆನೇ?”

“ಸರಿಯಾಗಿ ಹೇಳಿದಿರಿ.”

“ಅದಾದರೂ ಸರಿಯಾಯಿತಲ್ಲ,” ಎಂದರು.

ಮರುದಿನ ಒಂದು ತಟ್ಟೆಯಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನುಗಳನ್ನು ತಂದುಕೊಟ್ಟರು. ನನ್ನಿಂದ ನಿಮಗೆ ಜನರ ಮುಂದೆ ಮುಜುಗರವಾಯಿತು ಎಂದು ನನ್ನ ಕ್ಷಮೆ ಕೇಳಿದರು. ನಾನು ಛೇ ಛೇ ಎಂದೆ. ತಟ್ಟೆ ಇಸಿದುಕೊಂಡೆ. ಬನ್ನುಗಳನ್ನು ತಿಂದೆ, ಅವು ಚೆನ್ನಾಗಿದ್ದವು. ಉಳಿದ ಎರಡು ಸಂಜೆಗಳು ನಡೆಯುವುದಿಲ್ಲ ಎಂದು ಊರಿನ ಬೋರ್ಡಿನ ಮೇಲೆ ಚೀಟಿ ಅಂಟಿಸಿದ್ದರು.

ಹೇಳಿಬಿಡಬೇಕೆಂದು ಒಮ್ಮೆ ಹೋದೆ. ಬೆಲ್ ಒತ್ತಿದೆ. ಬಾಗಿಲು ತೆರೆದರು, ಕೈಯಲ್ಲಿ ಎಲೆಕೋಸಿನ ಅರ್ಧ ಹೋಳಿತ್ತು. ನನ್ನ ಬಾಯಿಂದ, “ನಮ್ಮ ಪಾರ್ಸೆಲ್ ಏನಾದರೂ ಬಂದಿದೆಯೇ?” ಎಂದು ಬಂತು. ಇಲ್ಲವೆಂದರು, ಬಂದರೆ ತಾವೇ ಮೇಲೆ ತಂದುಕೊಡುತ್ತೇನೆಂದರು.

ಅಂದಿನಿಂದ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಬಾಗಿಲ ಹಿಂದೆಯೇ ನಿಂತುಬಿಡುತ್ತಿದ್ದೆ.

“ಯಾಕ್ರೀ, ಆಂಟಿ ಎದುರಿಗಿ ಬಂದ್ರ ಮಾತಾಡಂಗಿಲ್ಲಲ್ಲ ನೀವು? ಏನರೆ ಆಗೇದೇನು?” ಎಂದು ಹೆಂಡತಿ ಕೇಳಿದಳು.

“ಏನೂ ಇಲ್ಲ. ಅವರಿಗಿ ವಯಸ್ಸಾಗ್ಯಾದ, ಹೇಳಿದ್ದು ಒಂದು, ತಿಳ್ಕೊಳ್ಳೋದು ಒಂದು,” ಎಂದೆ. ಒಂದು ಸಲ ಹೇಳಿದ ಸುಳ್ಳನ್ನು ಮನೆಯೊಳಗೂ ತಂದುಕೊಂಡೆ.

ಒಂದು ವರ್ಷದೊಳಗೆ ನ್ಯೂರೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಹೊರಟ ದಿನ ಅವರು ಕೆಳಗೆ ಬಂದು ನಿಂತು ಕೈ ಬೀಸಿದರು. ನನಗೆ ಬಿಡುಗಡೆ ಸಿಕ್ಕಂತಾಗಿತ್ತು.

ಹೆಂಡತಿ ಅವರೊಡನೆ ಫೋನಿನಲ್ಲಿ ಮಾತಾಡುತ್ತಲೇ ಇದ್ದಳು. ಸುದ್ದಿ ಬಂದದ್ದೂ ಅವಳಿಗೇ, ಆಂಟಿಯ ಮಗಳಿಂದ. ನಿದ್ದೆಯಲ್ಲೇ ಹೋಗಿದ್ದರು. ಚೀನೀ ಬೌದ್ಧರಲ್ಲಿ ಏಳೇಳು ದಿನಕ್ಕೊಮ್ಮೆ, ಏಳು ಸಲ, ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತಾರೆ. ಕೊನೆಯ ದಿನ, ನಲವತ್ತೊಂಬತ್ತನೆಯದು, ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ನೀವಿಬ್ಬರೂ ಬರಲೇಬೇಕು, ಅದರಲ್ಲೂ ನಿಮ್ಮ ಗಂಡ ಬರಬೇಕು, ಎಂದಿದ್ದಳಂತೆ. ಹೋಗದಿರಲು ಕಾರಣ ಹುಡುಕಿದೆ. ಹೆಂಡತಿ ಟಿಕೆಟ್ ಮಾಡಿಸಿಬಿಟ್ಟಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ಆ ಮನೆಯೊಳಗೆ ಕಾಲಿಟ್ಟೆವು. ಬೇರೆ ಯಾರೂ ಇರಲಿಲ್ಲ, ಮಗಳೊಬ್ಬಳೇ. ನಲವತ್ತರ ಆಸುಪಾಸಿನವಳು, ಇಲ್ಲೇ ಹುಟ್ಟಿದವಳು, ಚೀನೀ ಓದಲು ಬರುವುದಿಲ್ಲ. ಬಿಳಿಯ ಮೂರ್ತಿಯ ಪಕ್ಕದಲ್ಲಿ ತಾಯಿಯ ಫೋಟೋ. ಮುಂದೆ ಮೇಜಿನ ಮೇಲೆ ಅನ್ನ, ಹುರಿದ ತೋಫು, ಎಲೆಕೋಸು. ಪಕ್ಕದಲ್ಲಿ ಏಳು ಖಾಲಿ ಬಟ್ಟಲು.

“ನಮ್ಮ ಕಡೆಯ ವಿಧಿ ನನಗೆ ಅಷ್ಟಾಗಿ ಗೊತ್ತಿಲ್ಲ,” ಎಂದಳು. “ಅಮ್ಮನ ನೋಟ್‌ಬುಕ್ಕಿನಲ್ಲಿ ಜರ್ಮನ್‌ನಲ್ಲಿ ಬರೆದಿರುವ ಪುಟ ಒಂದೇ. ನಿಮ್ಮ ಹಳ್ಳಿಯಲ್ಲಿ ಮಾಡುವ ರೀತಿ. ಏಳು ಬಟ್ಟಲು, ಹೊಳೆಯ ಮೆಟ್ಟಿಲು. ಕೆಳಗೆ, ‘ಇದರಲ್ಲಿ ನಾನು ತಪ್ಪಾಗಿ ಕೇಳಿಸಿಕೊಂಡದ್ದು ಯಾವುದು, ಸರಿಯಾಗಿ ಕೇಳಿಸಿಕೊಂಡದ್ದು ಯಾವುದು, ಅವರನ್ನು ಕೇಳಬೇಕು’ ಎಂದು ಬರೆದಿದ್ದಾಳೆ. ಕೇಳಲಿಲ್ಲ ಅನ್ನಿಸುತ್ತದೆ. ನಿಮಗೆ ಮತ್ತೆ ತೊಂದರೆ ಕೊಡಬಾರದು ಅನ್ನುತ್ತಿದ್ದಳು. ಸರಿಯಾದ ರೀತಿಯಲ್ಲಿ ನೀವೇ ಮಾಡಿಕೊಡಿ.”

ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ನಮ್ಮೂರು ಗೊತ್ತು.

“ಅವರು ಯಾವುದನ್ನೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ,” ಎಂದೆ. “ನಾನು ಹೇಳಿದ್ದನ್ನೇ ಅವರು ಬರೆದುಕೊಂಡರು. ನಾನು ಹೇಳಿದ್ದು ಸುಳ್ಳು. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಆ ಸಂಜೆ ಸಿಕ್ಕಿಬಿದ್ದಾಗ ಅವರ ಮೇಲೆ ಹಾಕಿದೆ.”

ಮಗಳು ನನ್ನ ಕಡೆ ತಿರುಗಿದಳು. ಸಿಟ್ಟಾಗುತ್ತಾಳೆಂದುಕೊಂಡೆ. ದನಿ ಏರಿಸಲಿಲ್ಲ.

“ಆ ಸಂಜೆಯಾದ ಮೇಲೆ ಅಮ್ಮ ಕಿವಿ ಡಾಕ್ಟರ ಹತ್ತಿರ ಹೋದಳು, ಗೊತ್ತೇ?” ಎಂದಳು. “ಪರೀಕ್ಷೆ ಮಾಡಿ ಕಿವಿ ಸರಿಯಾಗಿದೆ ಅಂದರು. ನಂಬಲಿಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಅವರೂ ಸರಿಯಾಗಿದೆ ಅಂದರು. ಹಾಗಾದರೆ ಕೆಟ್ಟಿರುವುದು ತಲೆ ಇರಬೇಕು ಅಂತ ಹೆದರಿಕೊಂಡಳು. ಪಾಠ ಬಿಟ್ಟಳು. ಫ್ರೆಂಡ್ಸ್ ಜೊತೆ ಮಾತಾಡುವಾಗ ಪ್ರತಿ ಮಾತನ್ನೂ ಎರಡೆರಡು ಸಲ ಕೇಳುತ್ತಿದ್ದಳು. ನಾನು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು ನನಗೇ ಓದಿ ಹೇಳುತ್ತಿದ್ದಳು. ನಾಲ್ಕು ವರ್ಷ.”

ನಾನು ಏನನ್ನೋ ಹೇಳಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು.

“ನನಗೆ ಹೇಳಬೇಡಿ. ಸತ್ತವರಿಗೆ ನಲವತ್ತೊಂಬತ್ತನೆಯ ದಿನದವರೆಗೆ, ಅಂದರೆ ಇವತ್ತಿನವರೆಗೆ, ಇಲ್ಲಿಯ ಮಾತು ಕೇಳಿಸುತ್ತದೆ ಅಂತ ಅಮ್ಮ ನಂಬಿದ್ದಳು. ಅವಳಿಗೆ ಹೇಳಿ. ಅವಳ ಕಿವಿ ಸರಿಯಾಗಿತ್ತು ಅಂತ ಹೇಳಿ.”

ಫೋಟೋದ ಮುಂದೆ ನಿಂತೆ. ಜರ್ಮನ್‌ನಲ್ಲೇ, ಮೆಲ್ಲಗೆ ಹೇಳಿದೆ. ನಮ್ಮೂರಲ್ಲಿ ಆ ಹಬ್ಬ ಇಲ್ಲ, ನಾನು ಸುಳ್ಳು ಹೇಳಿದೆ, ನೀವು ಕೇಳಿಸಿಕೊಂಡದ್ದು ಸರಿಯಾಗಿತ್ತು. ಹಿಂದಿನಿಂದ ಅವಳು, “ಜೋರಾಗಿ,” ಎಂದಳು. ಜೋರಾಗಿ ಹೇಳಿದೆ. ಕ್ಷಮಿಸಿ ಎನ್ನುವ ಪದ ಬಾಯಿಗೆ ಬಂತು, ಆಡಲಿಲ್ಲ. ಅದು ಅವತ್ತು ಆ ಸಭೆಯಲ್ಲಿ ಅವರು ಆಡಿದ ಪದ.

ಅಗರಬತ್ತಿಯ ಬೂದಿ ಉದುರುತ್ತಿತ್ತು. ಮಗಳು ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಒಯ್ದಳು. ಮರಳಿ ಬಂದು, “ನಿಮ್ಮಜ್ಜಿ ನಿಜವಾಗಿ ಏನು ಮಾಡುತ್ತಿದ್ದಳು?” ಎಂದು ಕೇಳಿದಳು.

ಹೇಳಿದೆ. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಿದ್ದಳು. ಒಂದು ಚೊಂಬು ನೀರು. ಆಮೇಲೆ ಎಲ್ಲರನ್ನೂ ಹೊರಗೆ ಕರೆದು ಬಾಗಿಲು ಮುಂದೆ ಮಾಡುತ್ತಿದ್ದಳು. ನಾವಿದ್ದರೆ ಹಿರಿಯರಿಗೆ ಉಣ್ಣಲು ಸಂಕೋಚ. ಅವರು ಉಂಡು ಏಳುವವರೆಗೆ ಹೊರಗೇ ಮಾತಿಲ್ಲದೆ ನಿಂತಿರಬೇಕು.

“ಇದು ನಿಜವೇ?”

“ನಿಜ,” ಎಂದಳು ನನ್ನ ಹೆಂಡತಿ. ಆ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ನನಗೆ ಉಳಿದಿರಲಿಲ್ಲ.

ಮಗಳು ಯೋಚಿಸಿದಳು. ಕಪಾಟಿನಿಂದ, ತಾಯಿ ಒಮ್ಮೆಯೂ ತೊಡದ ಒಂದು ನೀಲಿ ಸ್ವೆಟರ್ ತಂದು ಮಡಿಸಿಟ್ಟಳು. ಲೋಟದಲ್ಲಿ ನೀರಿಟ್ಟಳು. ಮೂವರೂ ಹೊರಗೆ ಬಂದೆವು. ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಮೆಟ್ಟಿಲ ಹತ್ತಿರ ನಿಂತೆವು. ಹೆಂಡತಿ ಗೋಡೆ ನೋಡುತ್ತ, ಮೆಲ್ಲಗೆ, “ನನಗರೆ ಹೇಳಬೇಕಿತ್ತಲ್ರಿ,” ಎಂದಳು. ನ್ಯೂರೆಂಬರ್ಗ್‌ಗೆ ಮರಳುವ ರೈಲಿನಲ್ಲಿ ಬೇರೆ ಸಾಲಿನಲ್ಲಿ ಹೋಗಿ ಕೂತಳು.

ನಾಲ್ಕನೇ ಮಹಡಿಯ ಮುದುಕರೊಬ್ಬರು ಸಾಮಾನಿನ ಚೀಲ ಹಿಡಿದು ಹತ್ತಿ ಬಂದರು. ಮುಚ್ಚಿದ ಬಾಗಿಲ ಮುಂದೆ ಸಾಲಾಗಿ ನಿಂತ ನಮ್ಮನ್ನು ನೋಡಿ, “ಏನಾಯಿತು? ಬೀಗದಕೈ ಒಳಗೇ ಉಳಿಯಿತೇ?” ಎಂದು ಕೇಳಿದರು.

“ಇಲ್ಲ,” ಎಂದಳು ಮಗಳು. “ಅಮ್ಮ ಊಟ ಮಾಡುತ್ತಿದ್ದಾಳೆ.”

ಅವರು ಅರ್ಥವಾದವರಂತೆ ತಲೆಯಾಡಿಸಿ ಮೇಲೆ ಹೋದರು. ನಾನು ನನ್ನ ಕಾಲುಚೀಲಗಳನ್ನೇ ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲಬೇಕು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.